ಮುಕ್ಕಾಲು ಗಾಡಿ

ಗೇರ್ ಬಾಕ್ಸಿನಿಂದ ಇಳಿಸಿದ ಹಳೇ ಎಣ್ಣೆಗೆ ಅದರದೇ ಒಂದು ವಾಸನೆಯಿದೆ. ಗಂಧಕ, ಸುಟ್ಟ ರಬ್ಬರು, ಜೊತೆಗೆ ಎಲ್ಲೋ ಕೊಳೆತ ಬೆಳ್ಳುಳ್ಳಿ... ಒಮ್ಮೆ ಮೂಗಿಗೆ ಹೊಕ್ಕರೆ ಊಟಕ್ಕೆ ಕೂತಾಗಲೂ ಬಿಡುವುದಿಲ್ಲ. ಹೋದ ತಿಂಗಳು ಬಾಬುರಾಯನಕೊಪ್ಪಲಿನ ರಸ್ತೆ ಬದಿಯ ಗ್ಯಾರೇಜೊಂದರಲ್ಲಿ ನನ್ನ ಕಾರಿನಡಿ ಮಲಗಿದ್ದ ಮೆಕ್ಯಾನಿಕ್ಕು ಬಿರಡೆ ತೆಗೆದ. ಕಪ್ಪು ಎಣ್ಣೆ ತಗಡಿನ ತಟ್ಟೆಗೆ ದಾರವಾಗಿ ಇಳಿಯಿತು. "ಆಂಟಿ, ಆ ಕಡೆ ನೆರಳಲ್ಲಿ ಕೂತ್ಕೊಳಿ, ವಾಸ್ನೆ" ಎಂದ. ನಾನು ದೂರ ಹೋಗುವ ಬದಲು ಎರಡು ಹೆಜ್ಜೆ ಹತ್ತಿರವೇ ಹೋಗಿ ನಿಂತೆ.

ಆ ವಾಸನೆಯಲ್ಲಿ ನನಗೆ ಒಬ್ಬ ಹೆಂಗಸು ಕಂಡರು. ಸೆರಗನ್ನು ತಲೆಯ ಮೇಲೆ ಹೊದ್ದು, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮೊರದಷ್ಟು ಅಗಲದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಹೆಂಗಸು. ನಾನು ಅವರನ್ನು ಚಾಚಿ ಅನ್ನುತ್ತಿದ್ದೆ.

ಮೂವತ್ತೈದು ವರ್ಷಕ್ಕೂ ಹಿಂದಿನ ಮಾತು. ಪಾಂಡವಪುರದ ಹೈಸ್ಕೂಲಿಗೆ ಗಣಿತದ ಮೇಡಂ ಆಗಿ ಬಂದಾಗ ನನಗಿನ್ನೂ ಇಪ್ಪತ್ಮೂರು. ನಾಗಮಂಗಲದ ಕಡೆಯ ಹಳ್ಳಿಯವಳು. ಕಾಲುವೆಯಲ್ಲಿ ವರ್ಷವಿಡೀ ನೀರು ಹರಿಯುವ ಊರು ನನಗೆ ಹೊಸದು. ಬಾಡಿಗೆಗೆ ಹಿಡಿದ ಒಂಟಿ ಕೋಣೆಯ ಪಕ್ಕದಲ್ಲೇ ಅವರ ಮನೆ. ನಡುವೆ ಸೊಂಟದೆತ್ತರದ ಗೋಡೆ. ಆ ಗೋಡೆಯ ಮೇಲಿಂದ ಮೊದಲ ವಾರವೇ ಒಂದು ಬಟ್ಟಲು ಕುಂಬಳಕಾಯಿ ಪಲ್ಯ ಬಂತು. ಹಿಂದೆಯೇ, "ಮೇಡಮ್ಮೋರೆ, ನಮ್ಮ ಮಗಳು ಒಂಬತ್ತನೇ ಕ್ಲಾಸು. ಲೆಕ್ಕದಲ್ಲಿ ಪೂರಾ ಕತ್ತೆ. ಸಂಜೆ ಒಸಿ ಕೂರಿಸ್ಕೊಳ್ಳಿ" ಎಂಬ ಅರ್ಜಿಯೂ ಬಂತು.

ಗೋಡೆಯ ಆಚೆ ಹೊಂಗೆ ಮರದಡಿ ನಿಂತಿರುತ್ತಿದ್ದುದು ಒಂದು ಹಳೇ ಮಿಲಿಟರಿ ಪಿಕಪ್ಪು. ಹಸಿರು ಬಣ್ಣದ ಮೇಲೆ ಹಸಿರು ಬಣ್ಣ ಬಳಿದು ಬಳಿದು ಮೈಯೆಲ್ಲ ಹೊಪ್ಪಳೆ. ನನ್ನ ಸೊಂಟಕ್ಕೆ ಬರುವ ಚಕ್ರಗಳು. ಮುಂದೆ ಎರಡು ಆಳು ಕೂರುವ ಜಾಗ, ಹಿಂದೆ ಸಾಮಾನು ತುಂಬುವ ತೊಟ್ಟಿ. ಚಾಚಿಯ ಗಂಡ ಅದನ್ನು ಬೆಂಗಳೂರಿನಲ್ಲಿ ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದಿದ್ದರಂತೆ. ಬೀದಿಯವರೆಲ್ಲ ಅವರನ್ನು ಮಿಸ್ತ್ರಿ ಅನ್ನುತ್ತಿದ್ದರು, ನಾನು ಚಾಚಾ ಅನ್ನುತ್ತಿದ್ದೆ. ಆಲೆಮನೆಗಳಿಂದ ಬೆಲ್ಲ, ನಾಗಮಂಗಲದಿಂದ ತೆಂಗಿನಕಾಯಿ, ಕೆ.ಆರ್. ಪೇಟೆಯಿಂದ ಹಿಂಡಿ ಮೂಟೆ, ಹೀಗೆ ಬಾಡಿಗೆ ಹೊಡೆದು ಆ ಮನೆ ನಡೆಯುತ್ತಿತ್ತು.

ಆ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಷ್ಟು ಹಿತ್ತಾಳೆ ತಗಡೊಂದಿತ್ತು. ಯಾವ ಗೇರಿನಲ್ಲಿ ಗಂಟೆಗೆ ಎಷ್ಟು ಮೈಲಿಗಿಂತ ಹೆಚ್ಚು ಓಡಿಸಬಾರದು ಎಂದು ಅದರಲ್ಲಿ ಉಬ್ಬು ಅಕ್ಷರದಲ್ಲಿ ಬರೆದಿತ್ತು. ಚಾಚಾಗೆ ಅದು ದೇವವಾಕ್ಯ. ಬಾಡಿಗೆ ಕೇಳಲು ಬಂದವರ ಎದುರು ಅದರ ಮೇಲೆ ಬೆರಳಾಡಿಸುತ್ತ, "ಒಂದನೇದು ಎಂಟು, ಎರಡನೇದು ಅದಿನೇಳು, ಮೂರನೇದು ಮೂವತ್ತೆರಡು, ನಾಕನೇದು ಐವತ್ತೈದು. ಮಿಲ್ಟ್ರಿಯೋರು ಬರ್ದವ್ರೆ, ಸುಳ್ಳಾ?" ಅನ್ನುತ್ತಿದ್ದರು. ಬೆರಳಾಡಿಸಿಯೇ ಓದಬೇಕಿತ್ತು. ನಾನು ಬರುವ ಹೊತ್ತಿಗೆ ಅವರ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಹಾಗಾಗಿ ಚಾಚಿ ಸ್ಟೇರಿಂಗ್ ಹಿಡಿದಿದ್ದರು. ಇಪ್ಪತ್ತು ವರ್ಷ ಗಂಡನ ಎಡಕ್ಕೆ ಕೂತು ನೋಡಿದವರು, ಯಾರೂ ಕಲಿಸಲಿಲ್ಲ. ಎಲ್ ಬೋರ್ಡು ಕಟ್ಟಿಕೊಂಡು, ಪಕ್ಕದಲ್ಲಿ ಲೈಸೆನ್ಸ್ ಇದ್ದ ಒಬ್ಬ ಅಣ್ಣನ ಮಗನನ್ನೋ ಮೈದುನನನ್ನೋ ಕೂರಿಸಿಕೊಂಡು ಹೊರಡುತ್ತಿದ್ದರು. ಚಾಚಾ ಹಿಂದಿನ ತೊಟ್ಟಿಯಲ್ಲಿ ಬೆಲ್ಲದ ಪಿಂಡಿಗಳ ಮೇಲೆ ಕೂತು, ಡ್ರೈವರ್ ಸೀಟಿನ ಹಿಂದಿನ ಕಿಂಡಿಯಿಂದ ಕೂಗುತ್ತಿದ್ದರು. ಬೀದಿಯಲ್ಲಿ ಮೂಗು ಮುರಿದವರಿದ್ದರು. ಒಬ್ಬ ಹಿರಿಯರು ಬಾಗಿಲಿಗೇ ಬಂದು, ಮನೆ ಹೆಂಗಸು ಲಾರಿ ಹೊಡೆಯುವುದೆಂದರೇನು ಎಂದು ಕೇಳಿದಾಗ ಚಾಚಿ ಅವರಿಗೆ ಚಹಾ ಕೊಟ್ಟು, "ಆಯ್ತು ಬುಡಿ ಭಾಯ್‌ಸಾಬ್. ನಾಳೆಯಿಂದ ನೀವೇ ಬಂದು ಒಡೀರಿ" ಎಂದಿದ್ದರಂತೆ. ಅವರು ಚಹಾ ಕುಡಿದು ಎದ್ದು ಹೋದರು.

ತೊಂದರೆ ಇದ್ದದ್ದು ಬೀದಿಯದಲ್ಲ, ಮನೆಯೊಳಗಿನದು. ಗಾಡಿ ಓಡುತ್ತಿರಲಿಲ್ಲ. ಅಂದರೆ ಓಡುತ್ತಿತ್ತು, ಆದರೆ ಆ ತಗಡು ಹೇಳಿದಷ್ಟು ಓಡುತ್ತಿರಲಿಲ್ಲ. ಸ್ಪೀಡು ತೋರಿಸುವ ಮುಳ್ಳು ಯಾವ ಕಾಲದಲ್ಲೋ ಸತ್ತಿತ್ತು. ಆದರೂ ಬಸ್ಸುಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುವುದು ಚಾಚಾ ಕಿವಿಗೆ ಬೀಳುತ್ತಿತ್ತಲ್ಲ.

"ಒತ್ತು! ಇನ್ನೂ ಒತ್ತು! ಐವತ್ತೈದು ಐತೆ ಅದ್ರಲ್ಲಿ!"

"ಇನ್ನೇನು ಒತ್ತೋದು? ಇನ್ನೊಂದ್ ಸಲ ಒತ್ತುದ್ರೆ ಕಾಲು ತಗಡು ತೂರ್ಕೊಂಡು ರೋಡಿಗೆ ಬೀಳ್ತದೆ ಅಷ್ಟೆಯಾ."

ಈ ಜಗಳ ಗೋಡೆಯ ಈಚೆಗೂ ಕೇಳುತ್ತಿತ್ತು. ಹೆಂಗಸಿನ ಕಾಲಿಗೆ ಧೈರ್ಯವಿಲ್ಲ, ಅದಕ್ಕೇ ಗಾಡಿ ತೆವಳುತ್ತದೆ ಎನ್ನುವುದು ಚಾಚಾ ತೀರ್ಮಾನ. ಒಂದು ದಿನ ಕೆ.ಆರ್. ಪೇಟೆಯಿಂದ ಬರುವಾಗ ಕಬ್ಬು ಇಳಿಸಿ ವಾಪಸಾಗುತ್ತಿದ್ದ ಖಾಲಿ ಲಾರಿಯೊಂದು ಇವರನ್ನು ಹಿಂದೆ ಹಾಕಿತಂತೆ. ಅದರ ಡ್ರೈವರು ಕಿಟಕಿಯಿಂದ ಕೈ ಬೀಸಿ ನಕ್ಕನೆಂದು ಜೊತೆಗಿದ್ದವನು ಹೇಳಿದನಂತೆ. ಚಾಚಾ ಮನೆಗೆ ಬಂದು ಉಣ್ಣಲಿಲ್ಲ. "ಓಡ್ಸೋಕ್ ಬರ್ದೋರ ಕೈಲಿ ಸಾಯೋದ್ಕಿಂತ ಗುಜರಿಗೆ ಓಗ್ಲಿ" ಎಂದು ಶ್ರೀರಂಗಪಟ್ಟಣದ ಗುಜರಿಯವನಿಗೆ ಹೇಳಿ ಕಳಿಸಿಬಿಟ್ಟರು.

ಮರುದಿನ ಸಂಜೆ ಪಾಠಕ್ಕೆ ಬಂದ ಹುಡುಗಿ ಪುಸ್ತಕ ಬಿಚ್ಚಲಿಲ್ಲ. ಗಾಡಿ ಹೋದರೆ ಎಲ್ಲರೂ ಮೈಸೂರಿನ ಮಾವನ ಮನೆಗೆ ಹೋಗಬೇಕು, ಸ್ಕೂಲು ಅಲ್ಲಿಗೆ ಮುಗಿಯಿತು ಎಂದು ಅತ್ತಳು. ನನಗೆ ಗಾಡಿಯ ವಿಷಯ ಏನೂ ಗೊತ್ತಿರಲಿಲ್ಲ. ಸಮಾಧಾನಕ್ಕೆಂದು ಏನೇನೋ ಕೇಳುತ್ತ ಹೋದೆ. ಮೊದಲಿಂದಲೂ ಇಷ್ಟೇ ನಿಧಾನವೇ ಎಂದೆ.

"ಗೊತ್ತಿಲ್ಲ ಟೀಚರ್. ಮೊದ್ಲು ಬೇರೆ ಎಂಜಿನ್ನಿತ್ತು. ಪೆಟ್ರೋಲ್ ಜಾಸ್ತಿ ಕುಡೀತದೆ ಅಂತ ಅಬ್ಬಾ ಡೀಸೆಲ್ ಎಂಜಿನ್ ಹಾಕಿದ್ರು."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ಎಂಜಿನ್ನು ಬದಲಾದರೆ ತಗಡು ಹೇಗೆ ಸರಿಯಿರುತ್ತದೆ?

ಗೋಡೆ ಹಾರಿಯೇ ಹೋದೆ. ಸೀರೆ ಉಟ್ಟು ಗೋಡೆ ಹಾರಿದ್ದು ಅದೇ ಮೊದಲು, ಅದೇ ಕೊನೆ. ಚಾಚಾ ಮೊದಮೊದಲು ಮುಖ ತಿರುಗಿಸಿದರು. ಆಮೇಲೆ ಪೆಟ್ಟಿಗೆಯಿಂದ, ಮೇಣದ ಬಟ್ಟೆಯಲ್ಲಿ ಸುತ್ತಿಟ್ಟ ಮಿಲಿಟರಿ ಪುಸ್ತಕ ತೆಗೆಸಿಕೊಟ್ಟರು. ಅದರಲ್ಲಿ ಬರೆದಿತ್ತು: ಹಳೇ ಪೆಟ್ರೋಲ್ ಎಂಜಿನ್ನು ಹೆಚ್ಚೆಂದರೆ ನಿಮಿಷಕ್ಕೆ ಮೂರು ಸಾವಿರದ ಇನ್ನೂರು ಸುತ್ತು ತಿರುಗುತ್ತದೆ. ಹೊಸ ಡೀಸೆಲ್ ಎಂಜಿನ್ನಿನ ಮೈಮೇಲಿದ್ದ ಚೀಟಿಯನ್ನು ಹುಡುಗಿ ಬಗ್ಗಿ ಓದಿದಳು: ಎರಡು ಸಾವಿರದ ನಾನೂರು. ಗೇರು ಹಳೆಯವೇ, ಚಕ್ರ ಹಳೆಯವೇ. ಎಂಜಿನ್ನು ಎಷ್ಟು ತಿರುಗುತ್ತದೋ ಅದಕ್ಕೆ ತಕ್ಕಷ್ಟೇ ಚಕ್ರ ತಿರುಗಬೇಕು. ನಾನು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ನಾಲ್ಕರಲ್ಲಿ ಮೂರು ಭಾಗ.

ಚಾಚಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಅವರಿಗೆ ಉರ್ದು ಓದಲು ಬರುತ್ತಿತ್ತು, ನಮ್ಮ ಅಂಕಿಗಳ ಪರಿಚಯ ಕಡಿಮೆ. ಆದರೆ ನಾನು ಮುಗಿಸುವ ಮೊದಲೇ ಎದ್ದು ನಿಂತರು.

"ಅಂಗಂದ್ರೆ ಸೇರಿಗೆ ಮುಕ್ಕಾಲು ಸೇರು. ಗಾಡಿ ಮುಕ್ಕಾಲು ಓಡ್ತದೆ, ಅಲ್ವಾ ಬೇಟಿ? ಐವತ್ತೈದ್ರಲ್ಲಿ ಮುಕ್ಕಾಲು ಎಷ್ಟು?"

"ನಲವತ್ತೊಂದು ಮೈಲಿ ಚಾಚಿ. ಅದಕ್ಕಿಂತ ಹೆಚ್ಚು ಯಾರು ಒತ್ತಿದರೂ ಓಡಲ್ಲ."

ಚಾಚಾ ಎದ್ದರು. ತಡವುತ್ತ ಗಾಡಿಯ ಹತ್ತಿರ ಹೋಗಿ ಬಾಗಿಲು ತೆಗೆದು ಆ ತಗಡಿನ ಮೇಲೆ ಬೆರಳಿಟ್ಟರು. ಕೊನೆಗೆ ಕೇಳಿದರು: "ಅಂಗಾದ್ರೆ ಡೀಸೆಲ್ ಎಂಜಿನ್ ಹಾಕುದ್ ಮೇಲೆ ನಾನು ಓಡಿಸ್ದಾಗ್ಲೂ ನಲವತ್ತೊಂದೇ ಓಡ್ತಿತ್ತಾ?"

"ಊಂ" ಎಂದರು ಚಾಚಿ. "ನೀವು ಓಡಿಸ್ದಾಗ ಮಿಕ್ಕಿದ್ದು ಬಾಯಲ್ಲಿ ಓಡ್ತಿತ್ತು."

ಮೊದಲು ನಕ್ಕವರು ಚಾಚಾ. ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಆದರೂ ಮಿಸ್ತ್ರಿಯಲ್ಲವೇ, ಜಗಲಿಯ ಲೆಕ್ಕವನ್ನು ನಂಬಿಬಿಡುತ್ತಾರೆಯೇ? ಆ ಭಾನುವಾರ ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಚಿನಕುರಳಿ ರಸ್ತೆಗೆ ಹೋದೆವು. ಮುಂದೆ ಚಾಚಿ ಮತ್ತು ಅವರ ಮೈದುನ, ಹಿಂದಿನ ತೊಟ್ಟಿಯಲ್ಲಿ ಚಾಚಾ, ಹುಡುಗಿ, ನಾನು. ಕೈಗಡಿಯಾರ ಹಿಡಿದು ಕಿಲೋಮೀಟರ್ ಕಲ್ಲು ಎಣಿಸುವ ಕೆಲಸ ನನ್ನದು. ಕಲ್ಲಿನಿಂದ ಕಲ್ಲಿಗೆ ಐವತ್ತೈದು ಸೆಕೆಂಡು ಹಿಡಿಯಬೇಕೆಂದು ನನ್ನ ಲೆಕ್ಕ. ಚಾಚಿ ಒಂದೊಂದೇ ಗೇರು ಏರಿಸಿದರು. ಆ ಗಾಡಿಯಲ್ಲಿ ಒಂದೊಂದು ಗೇರಿಗೂ ಕ್ಲಚ್ಚು ಎರಡೆರಡು ಸಲ ತುಳಿಯಬೇಕು: ಒಮ್ಮೆ ತುಳಿದು ಗೇರು ಬಿಡಿಸಿ, ಕಾಲೆತ್ತಿ, ಮತ್ತೆ ತುಳಿದು ಹಾಕಬೇಕು. ತಪ್ಪಿದರೆ ಒಳಗೆ ಹಲ್ಲುಗಳು ಕಿರ್ರೆಂದು ಅರಚುತ್ತವೆ. ಚಾಚಿಯ ಕೈಯಲ್ಲಿ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದವು. ನಾಲ್ಕನೇ ಗೇರಿಗೆ ಬಿದ್ದ ಮೇಲೆ ಗಾಡಿ ಮೈಯೆಲ್ಲ ನಡುಗಿಸಿಕೊಂಡು ಹೊರಟಿತು. ಎರಡೂ ಬದಿ ಕಬ್ಬಿನ ಗರಿ ಹಸಿರು ಗೆರೆಯಾಯಿತು. ನನ್ನ ಜಡೆ ಬಿಚ್ಚಿಹೋಯಿತು. ಹುಡುಗಿ ಸುಮ್ಮನೆ ಕಿರುಚುತ್ತಿದ್ದಳು.

"ಐವತ್ನಾಲ್ಕು!" ಎಂದು ನಾನು ಕೂಗಿದೆ.

"ಐವತ್ತೈದು ಅಂದಿದ್ರಿ?" ಎಂದರು ಚಾಚಾ.

"ಒಂದು ಸೆಕೆಂಡು ಬೇಗ ಬಂತು ಚಾಚಾ."

"ನೋಡುದ್ರಾ! ಲೆಕ್ಕಕ್ಕಿಂತ ಒಂದು ಸೆಕೆಂಡು ಜಾಸ್ತಿ ಓಡ್ತದೆ ನನ್ ಗಾಡಿ!" ಎಂದು ತೊಟ್ಟಿಯ ಅಂಚು ಬಡಿದು ಕುಣಿದರು. ಗುಜರಿಯವನು ಬಂದಾಗ ಅವನಿಗೂ ಚಹಾ ಕುಡಿಸಿ ಕಳಿಸಿದರು. ಹಿತ್ತಾಳೆ ತಗಡಿನ ಕೆಳಗೆ ನಾನು ಬಿಳೀ ಪೇಂಟಿನಲ್ಲಿ ಹೊಸ ಅಂಕಿ ಬರೆದೆ: ಆರು, ಹದಿಮೂರು, ಇಪ್ಪತ್ನಾಲ್ಕು, ನಲವತ್ತೊಂದು. ಅದರ ಪಕ್ಕ ಚಾಚಿ ಅದನ್ನೇ ಉರ್ದುವಿನಲ್ಲಿ ಬರೆದರು.

ಇನ್ನು ಉಳಿದದ್ದು ಲೈಸೆನ್ಸು. ತಿಂಗಳಿಗೊಂದು ದಿನ ಪಾಂಡವಪುರದಲ್ಲಿ ಬ್ರೇಕ್ ಇನ್‌ಸ್ಪೆಕ್ಟರ ಕ್ಯಾಂಪು. ಚಾಚಿ ಎಲ್ಲಕ್ಕೂ ತಯಾರಾದರು. ರಸ್ತೆ ಚಿಹ್ನೆಗಳನ್ನು ನಾನು ರಟ್ಟಿನ ಮೇಲೆ ಬರೆದು ಗೋಡೆಯ ಮೇಲಿಟ್ಟರೆ ಅವರು ಈರುಳ್ಳಿ ಹೆಚ್ಚುತ್ತಲೇ ಹೇಳುತ್ತಿದ್ದರು. ಆ ದಿನ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಸಾಲಿನಲ್ಲಿ ಹೆಂಗಸು ಅವರೊಬ್ಬರೇ. ಮೀಸೆಯಂಚಿಗೆ ಬಣ್ಣ ಹಚ್ಚಿದ್ದ ಆ ಇನ್‌ಸ್ಪೆಕ್ಟರು ಮೇಲಿಂದ ಕೆಳಗೆ ನೋಡಿ, "ಏನಮ್ಮ, ಟೆಂಪೋ ಕೂಡ ಅಲ್ಲ, ಇದನ್ನ ಓಡಿಸ್ತೀರಾ?" ಎಂದು ಎಡಕ್ಕೆ ಹತ್ತಿ ಕೂತರು. ಚಾಚಾ ಮತ್ತು ನಾನು ಹಿಂದಿನ ತೊಟ್ಟಿಯಲ್ಲಿ, ಕಿಂಡಿಗೆ ಕಿವಿಯಿಟ್ಟು.

ಊರು ದಾಟಿದ ಮೇಲೆ ಇನ್‌ಸ್ಪೆಕ್ಟರ ಕಣ್ಣು ಹಿತ್ತಾಳೆ ತಗಡಿನ ಮೇಲೆ ಬಿತ್ತು. "ನಾಲ್ಕನೇ ಗೇರಲ್ಲಿ ಐವತ್ತೈದು ಮೈಲಿ ಅಂತ ಇದೆ. ಹೊಡೀರಿ ನೋಡೋಣ" ಎಂದರು. ಚಾಚಿ ಪೂರ್ತಿ ಒತ್ತಿದರು. ಗಾಡಿ ತನ್ನಷ್ಟಕ್ಕೆ ಓಡಿತು. ಸ್ವಲ್ಪ ಹೊತ್ತಿಗೆ ಅವರು, "ಇಷ್ಟೇನಾ? ಒಂದೋ ನಿಮಗೆ ಓಡಿಸೋಕೆ ಬರಲ್ಲ, ಇಲ್ಲಾ ಎಂಜಿನ್ ಸತ್ತಿದೆ. ಎರಡರಲ್ಲಿ ಯಾವುದಾದರೂ ನಾನು ಪಾಸ್ ಮಾಡಲ್ಲ" ಎಂದರು.

ಚಾಚಾ ನನ್ನ ಮಣಿಕಟ್ಟು ಹಿಡಿದರು. ನಾನು ಕಿಂಡಿಯಿಂದ ಏನೋ ಹೇಳಹೊರಟೆ. ಅಷ್ಟರಲ್ಲಿ ಚಾಚಿ ಗಾಡಿಯನ್ನು ಬದಿಗೆ ನಿಲ್ಲಿಸಿ, ಹಲ್ಲಿನಲ್ಲಿ ಕಚ್ಚಿದ್ದ ಸೆರಗು ಬಿಟ್ಟು ಮಾತಿಗೆ ಶುರು ಮಾಡಿದ್ದರು.

"ಸ್ವಾಮಿ, ಆ ತಗಡು ಮೊದ್ಲಿದ್ದ ಎಂಜಿನ್ನಿಂದು. ಅದು ನಿಮಿಷಕ್ಕೆ ನಾಕು ಸುತ್ತು ತಿರುಗುದ್ರೆ ಇದು ಮೂರೇ ಸುತ್ತು ತಿರುಗೋದು. ಗೇರು ಅದೇ, ಚಕ್ರ ಅದೇ. ನಾಕು ರೊಟ್ಟಿ ತಟ್ಟೋ ಕೈಯಿ ಮೂರೇ ತಟ್ಟುದ್ರೆ ತಟ್ಟೇಲಿ ನಾಕು ಎಲ್ಲಿಂದ ಬತ್ತವೆ? ಇದರ ಅಂಕಿ ಕೆಳಗೈತೆ ನೋಡಿ, ನಲವತ್ತೊಂದು. ನಂಬ್ಕೆ ಇಲ್ದಿದ್ರೆ ನೀವೇ ಒಡೀರಿ."

ಇನ್‌ಸ್ಪೆಕ್ಟರಿಗೆ ರೋಷ ಬಂದಿರಬೇಕು. ಇಳಿದು ಬಂದು ಸ್ಟೇರಿಂಗ್ ಹಿಡಿದೇ ಬಿಟ್ಟರು. ಎರಡನೇ ಗೇರಿಗೆ ಕೈ ಹಾಕಿದಾಗ ಆ ಗಾಡಿ ಕಿರುಚಿದ ಕಿರುಚಿಗೆ ಕಾಲುವೆ ದಂಡೆಯ ಎಮ್ಮೆಗಳು ತಲೆಯೆತ್ತಿದವು.

"ಎರಡ್ ಸಲ ತುಳೀಬೇಕು ಸ್ವಾಮಿ" ಎಂದರು ಚಾಚಿ.

ಮತ್ತೆ ಕಿರುಚಿತು.

"ತುಳ್ದು ಕಾಲೆತ್ತಿ. ಆಮೇಲ್ ತುಳೀರಿ. ನಿಧಾನ... ಅದಕ್ಕೂ ವಯಸ್ಸಾಗೈತೆ."

ಮೂರನೇ ಸಲಕ್ಕೆ ಗೇರು ಬಿತ್ತು. ಮುಂದೆ ಮೂರು, ನಾಲ್ಕನೇ ಗೇರುಗಳೂ ಬಿದ್ದವು. ಆಮೇಲೆ ಅವರು ಆಕ್ಸಿಲರೇಟರಿನಿಂದ ಕಾಲು ಎತ್ತಲೇ ಇಲ್ಲ. ನಾನು ಕಲ್ಲಿನಿಂದ ಕಲ್ಲಿಗೆ ಎಣಿಸಿದೆ. ಐವತ್ನಾಲ್ಕು. ಕಿಂಡಿಯಲ್ಲಿ ಕೂಗಿ ಹೇಳಿದೆ. "ನೀವ್ಯಾರಮ್ಮ?" ಎಂದರು. "ಲೆಕ್ಕದ ಮೇಡಮ್ಮು" ಎಂದು ಚಾಚಾ ನನಗಿಂತ ಮೊದಲೇ ಉತ್ತರ ಕೊಟ್ಟರು.

ವಾಪಸು ಬರುವಾಗ ಕೆರೆ ಏರಿಯ ಕಡಿದಾದ ದಾರಿಯಲ್ಲಿ ಹತ್ತಿಸಿ ತೋರಿಸಿ ಎಂದು ಅವರು ಸ್ಟೇರಿಂಗ್ ಬಿಟ್ಟುಕೊಟ್ಟರು. ಚಾಚಿ ಪಕ್ಕದ ಸಣ್ಣ ಗೇರಿನ ಕಡ್ಡಿ ಎಳೆದರು. ಆ ಕಡ್ಡಿ ಎಳೆದರೆ ಗಾಡಿಯ ವೇಗ ಇನ್ನೂ ಅರ್ಧಕ್ಕೆ ಇಳಿಯುತ್ತದೆ, ಬಲ ಎರಡರಷ್ಟಾಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸುಮ್ಮನೆ ಕೂತರು. ನಡೆಯುವವರಿಗಿಂತ ನಿಧಾನವಾಗಿ, ಒಂದಿಂಚೂ ಹಿಂದೆ ಸರಿಯದೆ, ಗಾಡಿ ತಾನೇ ಏರಿ ಹತ್ತಿ ನಿಂತಿತು. ಇನ್‌ಸ್ಪೆಕ್ಟರು ಅಲ್ಲೇ ಕಾಗದ ತೊಡೆಯ ಮೇಲಿಟ್ಟು ಸಹಿ ಮಾಡಿದರು. ಊರಂಚಿನ ಕ್ಯಾಂಪಿನ ಬಳಿ ಇಳಿಯುವಾಗ ಒಂದು ಮಾತು ಕೇಳಿದರು: "ಎರಡು ಸಲ ತುಳೀಬೇಕು ಅಂದ್ರಲ್ಲ, ಗೇರು ಇಳಿಸುವಾಗಲೂ ಹಂಗೇನಾ?"

ಊರೊಳಗೆ ಹೇಗೆ ಬಂದೆವೆಂದರೆ, ಒಂದನೇ ಗೇರಿನಲ್ಲಿ. ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಗಂಟೆಗೆ ಆರೇ ಮೈಲಿ. ಹಿಂದೆ ಬಸ್ಸು ಹಾರ್ನ್ ಹೊಡೆದು ಸತ್ತಿತು. ಚಾಚಾ, "ಮೂರನೇದಕ್ ಆಕು ಮಾರಾಯ್ತಿ" ಎಂದರೆ ಚಾಚಿ ಕೇಳಲಿಲ್ಲ. "ಎಲ್ಲಾರೂ ನೋಡ್ಲಿ. ಇವತ್ತೊಂದ್ ದಿನ ಅವರೂ ನಿಧಾನಕ್ಕೆ ಬರ್ಲಿ." ಅಂದು ಚಹಾ ಕುಡಿದು ಹೋಗಿದ್ದ ಆ ಹಿರಿಯರು ಅಂಗಡಿ ಮೆಟ್ಟಿಲಲ್ಲಿ ನಿಂತಿದ್ದರು. ಚಾಚಿ ಸಲಾಂ ಮಾಡಿದರು. ಅವರ ಕೈ ಅರ್ಧಕ್ಕೆ ಎದ್ದು, ನಿಂತು, ಆಮೇಲೆ ಪೂರ್ತಿ ಎದ್ದಿತು. ಆ ಸಂಜೆ ಮಾಡಿದ ಶಾವಿಗೆ ಪಾಯಸ ಗೋಡೆಯ ಮೇಲಿಂದ ಬರಲಿಲ್ಲ. ನಾನೇ ಅವರ ಅಡುಗೆಮನೆಯಲ್ಲಿ ಕೂತು ಮೂರು ಬಟ್ಟಲು ಕುಡಿದೆ.

ಅದಾದ ಮೇಲೆ ಚಾಚಿ ನನ್ನನ್ನು ಬಿಡಲಿಲ್ಲ. "ಲೆಕ್ಕ ಬಂದ್ರೆ ಆಯ್ತಾ? ಕೈಗೂ ಬರ್ಬೇಕು" ಎಂದು ಭತ್ತ ಕೊಯ್ದು ಒಣಗಿದ ಗದ್ದೆಯಲ್ಲಿ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು. ನನಗೆ ಪ್ರಾಣಭಯ. ಗೇರು ಕಿರುಚಿದಾಗಲೆಲ್ಲ ನಾನೂ ಕಿರುಚುತ್ತಿದ್ದೆ. ಎಷ್ಟು ಸುತ್ತಿಗೆ ಎಷ್ಟು ವೇಗವೆಂದು ಲೆಕ್ಕ ಹಾಕುತ್ತ ಕೂತರೆ, "ಅಂಗೆ ತಲೇಲಿ ಉಡುಕ್ಬೇಡ ಬೇಟಿ. ಎಂಜಿನ್ ಸದ್ದು ಕೇಳು. ಅದೇ ಏಳ್ತದೆ ಈಗ ಬದಲಾಯ್ಸು ಅಂತ" ಎನ್ನುತ್ತಿದ್ದರು. ಎಂಟು ಭಾನುವಾರ ಹಿಡಿಯಿತು. ಒಂಬತ್ತನೆಯದಕ್ಕೆ ಎರಡರಿಂದ ಮೂರಕ್ಕೆ ಸದ್ದಿಲ್ಲದೆ ಬಿತ್ತು. ನಾನು ಗಾಡಿ ನಿಲ್ಲಿಸಿ ಇಳಿದು ಗದ್ದೆಯಲ್ಲಿ ಓಡಾಡಿಬಿಟ್ಟೆ. ಎಂಜಿನ್ ಆರಿಸಲು ಮರೆತಿದ್ದೆ.

ಮೂರು ವರ್ಷದ ಮೇಲೆ ನನಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ನನ್ನ ಎರಡು ಟ್ರಂಕು, ಹಾಸಿಗೆ, ಪುಸ್ತಕದ ಮೂಟೆ ಅದೇ ಪಿಕಪ್ಪಿನಲ್ಲಿ ಹೋದವು. ಅರ್ಧ ದಾರಿ ನಾನೇ ಓಡಿಸಿದೆ. ಮೊದಲು ಹಬ್ಬಕ್ಕೆ ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಚಾಚಾ ತೀರಿಕೊಂಡಾಗಲೂ ಹೋಗಿದ್ದೆ. ಆಮೇಲೆ ಮದುವೆ, ಮಗು, ಮೈಸೂರು... ಪಾಂಡವಪುರದ ತಿರುವು ಎಷ್ಟು ಸಲ ದಾಟಿದ್ದೇನೋ. ಪ್ರತಿಸಲವೂ ಮುಂದಿನ ಸಲ ಎಂದುಕೊಂಡೆ.

ಗ್ಯಾರೇಜಿನಿಂದ ಹೊರಟವಳು ಮೈಸೂರಿನ ಕಡೆ ತಿರುಗಲಿಲ್ಲ. ಅರ್ಧ ಗಂಟೆಯಲ್ಲಿ ಆ ಬೀದಿಯಲ್ಲಿದ್ದೆ. ನನ್ನ ಒಂಟಿ ಕೋಣೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಅವರ ಮನೆ ಮಾತ್ರ ಹಾಗೇ ಇತ್ತು. ಬಾಗಿಲಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನಡುವಯಸ್ಸಿನ ಹೆಂಗಸು ಕನ್ನಡಕದ ಮೇಲಿಂದ ನೋಡಿ ಎದ್ದು ನಿಂತಳು. "ಟೀಚರ್!" ಎಂದಳು. ಲೆಕ್ಕದಲ್ಲಿ ಪೂರಾ ಕತ್ತೆ ಅನ್ನಿಸಿಕೊಂಡಿದ್ದವಳು ಈಗ ನಾಲ್ಕು ಜನರಿಗೆ ಕೆಲಸ ಕೊಟ್ಟು ಟೈಲರಿಂಗ್ ನಡೆಸುತ್ತಿದ್ದಾಳೆ.

"ಅಮ್ಮಿ ಓಗಿ ಎರಡು ರಂಜಾನ್ ಆಯ್ತು ಟೀಚರ್. ನಿಮ್ ನಂಬ್ರ ನಮ್ಮತ್ರ ಇರ್ಲಿಲ್ಲ."

ಮಂಡಿ ಸೋತ ಮೇಲೆ ಗಾಡಿಯನ್ನು ನಾಗಮಂಗಲದ ಕಡೆಯ ತೆಂಗಿನ ತೋಟದವರಿಗೆ ಕೊಟ್ಟರಂತೆ. ಕೊಡುವಾಗ ಕ್ಲಚ್ಚಿನ ಪಾಠವನ್ನೂ ಜೊತೆಗೇ ಕೊಟ್ಟು ಕಳಿಸಿದರಂತೆ. ಆಮೇಲೆ ಅದು ಏನಾಯಿತೋ ಗೊತ್ತಿಲ್ಲ. ಚಹಾ ಬಂತು. ಮಗಳು ಹೇಳುತ್ತ ಹೋದಳು, ನಾನು ನಗುತ್ತ ಕೇಳಿದೆ. ನಡುವೆ ಅವಳೆಂದಳು: "ಅಮ್ಮಿ ಕೊನೇವರೆಗೂ ಬಂದೋರಿಗೆಲ್ಲ ಏಳೋರು, ಐಸ್ಕೂಲ್ ಲೆಕ್ಕದ ಮೇಡಮ್ಮಿಗೆ ಗಾಡಿ ಕಲಿಸ್ದೋಳು ನಾನು ಅಂತ. ಎಷ್ಟ್ ಜನಕ್ಕೆ ಏಳವ್ರೋ!"

ನಾನು ಲೋಟ ಕೆಳಗಿಟ್ಟೆ. ಮೂವತ್ತು ವರ್ಷ ನಾನೂ ಒಂದು ಕತೆ ಹೇಳಿಕೊಂಡು ತಿರುಗಿದ್ದೆ. ಎಷ್ಟು ಸ್ಟಾಫ್ ರೂಮುಗಳಲ್ಲಿ, ಎಷ್ಟು ತರಗತಿಗಳಲ್ಲಿ: ಓದು ಬರಹ ಬಾರದ ಹೆಂಗಸೊಬ್ಬರಿಗೆ ನಾನು ಅನುಪಾತ ಕಲಿಸಿದೆ, ಅವರು ಲೈಸೆನ್ಸ್ ಗೆದ್ದರು ಎಂದು. ಓದು ಬರಹ ಬಾರದವರೆಂದು ಹೇಳುವಾಗ ಆ ಉರ್ದು ಅಂಕಿಗಳು ಒಂದು ಸಲವೂ ನನಗೆ ನೆನಪಾಗಲಿಲ್ಲ. ಎಂಟು ಭಾನುವಾರಗಳ ವಿಷಯವನ್ನಂತೂ ನಾನು ಯಾರಿಗೂ ಹೇಳಿದವಳೇ ಅಲ್ಲ.

"ಅಮ್ಮಿ ಸ್ವಲ್ಪ ಜಾಸ್ತಿ ಏಳ್ತಿದ್ರು, ಬೇಜಾರ್ ಮಾಡ್ಕೋಬೇಡಿ ಟೀಚರ್" ಎಂದಳು.

"ಜಾಸ್ತಿ ಏನೂ ಹೇಳಿಲ್ಲಮ್ಮ" ಎಂದೆ. "ಅವರು ಹೇಳಿದ್ದೇ ನಿಜ."

ಅದನ್ನು ಅವರೆದುರೇ ಹೇಳಬೇಕಿತ್ತು.